ಅಪ್ಪ, ಅವರು ಬಂದರು

ಎಸ್ಟೋನಿಯಾದ ನಮ್ಮ ಮುಸ್ತಪಾಲು ಊರಿನಲ್ಲಿ ಹೆಲ್ವೆಯಕ್ಕನಷ್ಟು ಬಾಯಿಬಡುಕಿ ಇನ್ನೊಬ್ಬಳಿರಲಿಲ್ಲ. ಸಾಮೂಹಿಕ ಫಾರ್ಮಿನ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ಮದುವೆ ಯಾವಾಗ ಎಂದು ಯಾರಾದರೂ ಕೆಣಕಿದರೆ, ಹಸುವಿನ ಹೊಟ್ಟೆಗೆ ತಲೆ ಆನಿಸಿಕೊಂಡು ಮೆಲ್ಲಗೆ, “ನ್ಯಾಟೋ ಬರ್ಲಿ, ಆಮೇಲೆ ನೋಡೋಣ” ಅನ್ನುತ್ತಿದ್ದಳು. ಆ ಸೋವಿಯತ್ ಕಾಲದಲ್ಲಿ ಇಂಥ ಮಾತು ಯಾರ ಕಿವಿಗಾದರೂ ಬಿದ್ದಿದ್ದರೆ ಕಥೆ ಮುಗಿದೇಹೋಗುತ್ತಿತ್ತು. ಪಕ್ಕದ ಮನೆಯವನಾದ ನನಗೆ ಅವಳ ಧೈರ್ಯ ಕಂಡು ಮೈ ಉರಿಯುತ್ತಿತ್ತು.

ಅವಳಿಗೆ ಈ ಹುಚ್ಚು ಬಂದದ್ದು ಅಪ್ಪ ಎಲ್ಮಾರನಿಂದ. ಎರಡನೇ ಮಹಾಯುದ್ಧದ ಕೊನೆಗೆ ಎಸ್ಟೋನಿಯಾ ರಷ್ಯನ್ನರ ಪಾಲಾದಾಗ ಅವನು ಕಾಡು ಸೇರಿದ. ನಮ್ಮ ಕಡೆಯ ಎಷ್ಟೋ ಗಂಡಸರು ಹಾಗೆ ಸೇರಿದ್ದರು. ನೆಲದಡಿಯ ಗುಂಡಿಯಲ್ಲಿ ಕೂತು, ಪಶ್ಚಿಮದವರ ಹಡಗು ಇಂದು ಬಂತು, ನಾಳೆ ಬಂತು ಎಂದು ಕಾಯುವುದೇ ಅವರ ಕೆಲಸ. ನಲವತ್ತೊಂಬತ್ತರ ವಸಂತದಲ್ಲಿ ರೇಡಿಯೋ ಸುದ್ದಿ ಹೇಳಿತು: ಹನ್ನೆರಡು ದೇಶಗಳು ಒಟ್ಟಾಗಿ, ಒಬ್ಬನಿಗೆ ಹೊಡೆದರೆ ಎಲ್ಲರಿಗೂ ಹೊಡೆದಂತೆ ಎಂದು ಸಹಿ ಹಾಕಿ ನ್ಯಾಟೋ ಕೂಟ ಕಟ್ಟಿವೆ. ಹಬೆಸ್ನಾನದ ಸೌನಾ ಮನೆಗೆ ಕದ್ದು ಮೈ ತೊಳೆಯಲು ಬಂದ ಎಲ್ಮಾರನ ಕಾಲು ಹಿಡಿದು ಹೆಂಡತಿ ಬೇಡಿಕೊಂಡಳು. “ಶರಣಾದ್ರೆ ಬಿಟ್ಬಿಡ್ತಾರಂತೆ ಕಣ್ರೀ, ಬನ್ನಿ.”

“ಹುಚ್ಚಿ! ಹನ್ನೆರಡು ದೇಶ ಕಣೇ. ಹುಲ್ಲು ಕೊಯ್ಯೋಷ್ಟರಲ್ಲಿ ಬಂದ್ಬಿಡ್ತಾರೆ,” ಅಂದನಂತೆ ಅವನು.

ಬಂದದ್ದು ಗುಂಡು. ರಷ್ಯನ್ನರು ಹೆಣವನ್ನು ಪೇಟೆಯ ಚೌಕದಲ್ಲಿ ಎಸೆದಿದ್ದರು, ಅಳುವವರು ಯಾರು ಎಂದು ನೋಡಲು. ತಾಯಿ ಹೆಲ್ವೆಯ ಕೈಯನ್ನು ರಕ್ತ ಬರುವಷ್ಟು ಚಿವುಟಿ ಹಿಡಿದು, ಯಾರೋ ಸತ್ತವನ ಪಕ್ಕ ಹೋಗುವವಳ ಹಾಗೆ ದಾಟಿಹೋದಳು. ಛೆ, ಎಂಥ ಕಾಲ!

ನಮ್ಮಲ್ಲಿ ಹೆಣ ಒಯ್ಯುವಾಗ ದಾರಿಯ ಮರವೊಂದಕ್ಕೆ ಶಿಲುಬೆ ಕೊರೆಯುತ್ತೇವೆ. ಸತ್ತವನು ಆ ಮರದಲ್ಲಿ ನೆಲೆ ನಿಲ್ಲುತ್ತಾನೆ, ತಿರುಗಿ ಮನೆಗೆ ಬರುವುದಿಲ್ಲ. ಅಂಥ ಮರಕ್ಕೆ ಯಾರೂ ಕೊಡಲಿ ಹಾಕುವುದಿಲ್ಲ. ಹೆಣವೇ ಕೈಗೆ ಸಿಗದ ಎಲ್ಮಾರನಿಗೆ ಅವನ ಹೆಂಡತಿ ಮಗಳ ಕೈಗೆ ಅಡುಗೆಮನೆಯ ಚಾಕು ಕೊಟ್ಟು, ಊರಾಚೆಯ ಪೈನ್ ಮರಕ್ಕೆ ಶಿಲುಬೆ ಕೊರೆಸಿದಳು. ಅವನ ಗೋರಿ ಅಂತ ಇದ್ದದ್ದು ಅದೊಂದೇ.

ಆಮೇಲೆ ಹೆಲ್ವೆಯಕ್ಕ ಆ ಮರಕ್ಕೆ ಸುದ್ದಿ ಒಪ್ಪಿಸುವುದನ್ನು ರೂಢಿ ಮಾಡಿಕೊಂಡಳು. ಗ್ರೀಸ್ ಸೇರಿತು ಅಪ್ಪ, ತುರ್ಕಿ ಸೇರಿತು. ಮೊನ್ನೆಯವರೆಗೆ ಎಲ್ಲರ ಶತ್ರುವಾಗಿದ್ದ ಜರ್ಮನಿಯ ಅರ್ಧವನ್ನೂ ಸೇರಿಸಿಕೊಂಡರು. ಹಂಗೇರಿಯವರು ದಂಗೆಯೆದ್ದು ಟ್ಯಾಂಕಿನಡಿ ಸತ್ತಾಗ ಮಾತ್ರ ಯಾರೂ ಬರಲಿಲ್ಲ. ಅದನ್ನು ಮರಕ್ಕೆ ಹೇಳಲಿಲ್ಲವಂತೆ. “ಅಪ್ಪ ಮನಸ್ಸಿಗೆ ಹಚ್ಕೋತಾನೆ,” ಅಂದಳು ನನ್ನ ಹತ್ತಿರ. ತಾಯಿ ತೀರಿಕೊಂಡಳು, ಸ್ಪೇನ್ ಸೇರಿತು, ಸೋವಿಯತ್ ಒಡೆಯಿತು, ಪೋಲೆಂಡ್ ಸೇರಿತು, ಹೆಲ್ವೆಯಕ್ಕನ ಕೂದಲು ಬೆಳ್ಳಗಾಯಿತು. ಕೊನೆಗೆ ಎರಡು ಸಾವಿರದ ನಾಲ್ಕರಲ್ಲಿ ನಮ್ಮ ಸರದಿ. ಅವತ್ತು ನನ್ನನ್ನೂ ಎಳೆದುಕೊಂಡು ಹೋದಳು. ಮರವನ್ನು ತಬ್ಬಿಕೊಂಡು, “ಅಪ್ಪ, ಅವ್ರು ಬಂದ್ರು. ಸ್ವಲ್ಪ ತಡ ಆಯ್ತು, ಬೈಬೇಡ,” ಅಂತ ಗೊಳೋ ಎಂದು ಅತ್ತಳು. ನಾನೂ ಟೋಪಿ ತೆಗೆದು ಮರಕ್ಕೆ ತಲೆಬಾಗಿದೆ, ಸುಳ್ಳೇಕೆ ಹೇಳಲಿ.

ಉಕ್ರೇನಿನ ಯುದ್ಧ ಶುರುವಾದ ಮೇಲೆ ಅವರು ನಿಜವಾಗಿಯೂ ಬಂದರು. ಮಿತ್ರ ದೇಶಗಳ ಸೈನಿಕರಿಗೆ ಗುಂಡು ಹಾರಿಸಿ ಕಲಿಯಲು ಜಾಗ ಸಾಲದಂತೆ. ತಾಲೀಮಿನ ಮೈದಾನ ಹಿಗ್ಗಿ ಹೆಲ್ವೆಯಕ್ಕನ ಮನೆಯನ್ನೂ ಕಾಡನ್ನೂ ನುಂಗಿತು. ಊರ ಸಭೆಯಲ್ಲಿ ನಾನು ಬಾಯಿಗೆ ಬಂದಂತೆ ಬೈದೆ. ಹೆಲ್ವೆಯಕ್ಕ ನನ್ನ ತೋಳು ಹಿಡಿದು ಕೂರಿಸಿದಳು.

“ಸುಮ್ನಿರೋ ಉರ್ಮಾಸ್. ಬನ್ರಪ್ಪಾ ಬನ್ನಿ ಅಂತ ಎಪ್ಪತ್ತು ವರ್ಷ ಕರೆದಿದ್ದು ನಾವೇ ತಾನೆ? ಬಂದವ್ರಿಗೆ ಜಾಗ ಬೇಡ್ವಾ?”

ಮನೆಯನ್ನು ತಕರಾರಿಲ್ಲದೆ ಬಿಟ್ಟುಕೊಟ್ಟಳು. ಕೇಳಿದ್ದು ಒಂದೇ, ಪೈನ್ ಮರ ಉಳಿಯಬೇಕು. ನಮ್ಮದೇ ಸೈನ್ಯದ ಅಧಿಕಾರಿ, ಟಾಲಿನ್ ನಗರದಲ್ಲಿ ಬೆಳೆದ ತನೆಲ್ ಎಂಬ ಹುಡುಗ, ಅವಳ ಕೈ ಹಿಡಿದು, “ಅಜ್ಜಿ, ಆ ಮರ ಯಾರೂ ಮುಟ್ಟಲ್ಲ. ನಾನು ಮಾತು ಕೊಡ್ತೀನಿ,” ಅಂದ.

ಮಾತು ಉಳಿಸಿಕೊಂಡ, ಪುಣ್ಯಾತ್ಮ. ಮರಕ್ಕೆ ಕೆಂಪು ಪಟ್ಟಿ ಸುತ್ತಿಸಿದ. ಸುತ್ತಲಿನ ಕಾಡನ್ನು ಮಾತ್ರ ಬುಡಸಮೇತ ನೆಲಸಮ ಮಾಡಿದರು. ಗುಂಪಿನ ನಡುವೆ ಬೆಳೆದ ಪೈನ್ ಒಂಟಿಯಾಗಿ ನಿಲ್ಲುತ್ತದೆಯೇ? ಮೊದಲ ಬಿರುಗಾಳಿಗೇ ಬೇರು ಕಿತ್ತುಕೊಂಡು ಬಿತ್ತು.

ಆಗ ಹೆಲ್ವೆಯಕ್ಕ ಪೇಟೆಯ ಫ್ಲ್ಯಾಟಿನ ಮೂರನೇ ಮಹಡಿಯಲ್ಲಿದ್ದಳು. ನಾನು ಆಲೂಗಡ್ಡೆ ಕೊಡಲು ಹೋಗಿದ್ದೆ. ಬಾಗಿಲು ಬಡಿದದ್ದು ತನೆಲ್. ಶಿಲುಬೆಯಿದ್ದ ಕಾಂಡದ ತುಂಡನ್ನು ಕತ್ತರಿಸಿ, ಉಜ್ಜಿ, ವಾರ್ನಿಷ್ ಬಳಿದು ಮಗುವಿನಂತೆ ಎತ್ತಿಕೊಂಡು ಬಂದಿದ್ದ. ಅವನು ಹೊಸ್ತಿಲು ದಾಟಿದ್ದೇ ತಡ, ಹೆಲ್ವೆಯಕ್ಕ ಗೋಡೆಗೆ ಅಂಟಿ ನಿಂತಳು.

“ಇದನ್ನ ಮನೆ ಒಳಗೆ ಯಾಕಪ್ಪಾ ತಂದೆ?”

“ನೆನಪಿಗಿರ್ಲಿ ಅಂತ, ಅಜ್ಜಿ. ಮರ ಉಳಿಸೋಕಾಗ್ಲಿಲ್ಲ, ಕ್ಷಮಿಸಿ.” ಅವನ ಕಣ್ಣು ತುಂಬಿತ್ತು. ಸತ್ತವನನ್ನು ಮನೆಗೆ ತರಬಾರದೆಂಬ ನಮ್ಮ ಕಡೆಯ ಪದ್ಧತಿ ಆ ಹುಡುಗನಿಗೆ ಯಾರು ಹೇಳಿಕೊಟ್ಟಿದ್ದರು? ಅವಳು ಬೈಯಲಿಲ್ಲ. ಕಾಫಿ ಕೊಟ್ಟು, ತಲೆ ಸವರಿ ಕಳಿಸಿದಳು.

ಅವನು ಹೋದ ಮೇಲೆ ಆ ತುಂಡಿನ ಎದುರು ಕೂತಳು.

“ಒಲೆಗೆ ಹಾಕೋ ಹಾಗಿಲ್ಲ, ಹೊರಗೆ ಎಸೆಯೋ ಹಾಗಿಲ್ಲ. ಎಲ್ಲಿಡ್ಲೋ ಇವನನ್ನ?”

“ಬೇರೆ ಮರಕ್ಕೆ ಶಿಲುಬೆ ಕೊರೆಯೋಣ ಬಿಡಕ್ಕ. ನಾನೇ ಕೊರೀತೀನಿ.”

“ಯಾವ ಮರಕ್ಕೆ? ಅದನ್ನ ಕಡಿಯಲ್ಲ ಅಂತ ಯಾರು ಹೇಳ್ತಾರೆ?”

ನನ್ನ ಮನೆ ಮುಂದಿನ ಮರಗಳಿಗೂ ಆಗಲೇ ಕಡಿಯುವ ಬಣ್ಣದ ಗುರುತು ಬಿದ್ದಿತ್ತು.

“ಬದುಕಿರೋವರೆಗೂ ಇವನು ಮನೆಗೆ ಬರ್ಲಿ ಬರ್ಲಿ ಅಂತ ಅಮ್ಮ ಬಾಗ್ಲು ಕಾದ್ಲು, ಬರ್ಲಿಲ್ಲ,” ಅಂದಳು. “ಸತ್ಮೇಲೆ ಬರ್ಬೇಡ ಅಂತ ನಾನೇ ಕೊರೆದೆ. ಈಗ ಬಂದು ಕೂತಿದ್ದಾನೆ ನೋಡು.”

ಅವತ್ತೇ ನನ್ನ ಕೈಯಲ್ಲಿ ಮಂಚವನ್ನು ಅಡುಗೆಮನೆಗೆ ಹಾಕಿಸಿಕೊಂಡಳು. ಇರುವ ಒಂದೇ ಕೋಣೆಯನ್ನು ಅಪ್ಪನಿಗೆ ಬಿಟ್ಟುಕೊಟ್ಟು, ಹೊರಗಿನಿಂದ ಬಾಗಿಲು ಹಾಕಿದಳು.