ಹುಣಸೆ ಚೇಗಿನ ಪೈಪುಗಳು

ಅಪ್ಪನ ಎಡಗಣ್ಣು ಪೂರ್ತಿ ಹೋಗಿ, ಬಲಗಣ್ಣಿನಲ್ಲಿ ಬೆಳಕು ನೆರಳು ಮಾತ್ರ ಉಳಿದಿದ್ದ ವರ್ಷ ಅದು. ಆದರೂ ದಿನಾ ಬೆಳಗ್ಗೆ ಗೋಡೆ ತಡವಿಕೊಂಡು ಶೆಡ್ಡಿಗೆ ಬರುತ್ತಿದ್ದ. ಚನ್ನಪಟ್ಟಣದಲ್ಲಿ ಬುದ್ಧಿ ಬಂದಾಗಿನಿಂದ ಲೇತಿನ ಮುಂದೆ ಕೂತು ಬೊಂಬೆ ಕಡೆದವನಿಗೆ ಬೇರೆ ಯಾವ ದಾರಿಯೂ ಗೊತ್ತಿರಲಿಲ್ಲ. ಒಂದು ದಿನ ಉಳಿ ಜಾರಿ ಹೆಬ್ಬೆರಳು ಸೀಳಿತು. ಅವತ್ತೇ ಅಣ್ಣ ತೀರ್ಪು ಕೊಟ್ಟುಬಿಟ್ಟ.

"ಇನ್ನೊಂದ್ ಸಲ ಏನಾರ ಎಡವಟ್ಟಾದ್ರೆ ಅಪ್ಪ ಶೆಡ್ಡಿಗೆ ಕಾಲಿಡಂಗಿಲ್ಲ. ಮನೇಲಿ ಟೀವಿ ಹಾಕ್ಕೊಡು, ಕೇಳ್ಕಂಡ್ ಕೂತಿರ್ಲಿ."

ಅಣ್ಣ ಕೆಟ್ಟವನಲ್ಲ. ಆದರೆ ಹೆದ್ದಾರಿ ಬದಿಯ ಅಂಗಡಿಯಲ್ಲಿ ಕೂತು ನಾವು ಕಡೆದದ್ದನ್ನು ಮಾರುವವನು. ಒಂದು ದಿನವೂ ಉಳಿ ಹಿಡಿದವನಲ್ಲ. ಅಪ್ಪನ ಪಕ್ಕದಲ್ಲೇ ಕೂತು ಕೆಲಸ ಕಲಿತವಳು ನಾನು. ಅವನನ್ನು ಲೇತಿನಿಂದ ಎಬ್ಬಿಸಿದರೆ ಮತ್ತೆ ಏಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಆ ಭಯದಲ್ಲೇ ದಿನ ದೂಡುತ್ತಿದ್ದೆ.

ಆಗ ಬಂದದ್ದು ಪೈಪಿನ ಗಿರಾಕಿ. ಬೆಂಗಳೂರಿನ ರಿಟೈರಾದ ಮನುಷ್ಯ, ಬಾಯಲ್ಲಿ ಹೊಗೆಸೊಪ್ಪಿನ ಪೈಪು. ಅದನ್ನು ಬ್ರಯರ್ ಎಂಬ ಹೊರದೇಶದ ಗಿಡದ ಬೇರುಗಂಟಿನಿಂದ ಮಾಡುತ್ತಾರಂತೆ. ನಮ್ಮ ಕಡೆಯ ಮರದಲ್ಲಿ ಇಪ್ಪತ್ತನಾಲ್ಕು ಮಾಡಿಕೊಟ್ಟರೆ ತನ್ನ ಗೆಳೆಯರಿಗೆಲ್ಲ ಹಂಚುತ್ತೇನೆ ಎಂದರು. "ಒಂದೇ ಷರತ್ತು. ಬಣ್ಣ ಬೇಡ, ಅರಗು ಬೇಡ. ಬರೀ ಮರ. ಒಳಗೆ ಬೆಂಕಿ ಇರುತ್ತೆ ನೋಡಿ."

ಅಣ್ಣ ಮುಖ ಗಂಟು ಹಾಕಿದ. ಅವನು ಬಾಯಿ ತೆರೆಯುವ ಮೊದಲೇ ನಾನು ಒಪ್ಪಿಕೊಂಡೆ. ಬಣ್ಣ ನೋಡಬೇಕಿಲ್ಲದ ಕೆಲಸ, ಬೆರಳಿದ್ದರೆ ಸಾಕು. ಇದೊಂದು ಗೆದ್ದರೆ ಅಪ್ಪನ ಜಾಗ ಉಳಿಯುತ್ತದೆ ಎಂದು ಲೆಕ್ಕ ಹಾಕಿದೆ. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಅಂತಾರಲ್ಲ, ಹಾಗೆ.

ಮೊದಲು ಮರ ಹುಡುಕಬೇಕಿತ್ತು. ಅಪ್ಪ ಜಗುಲಿ ಮೇಲೆ ಕೂತು, ಒಂದೊಂದು ತುಂಡಿನಲ್ಲಿ ಗುಳಿ ಕೊರೆದು, ಒಲೆಯ ಕೆಂಡ ಇಡಿಸಿ, ಊದುಕೊಳವೆಯಿಂದ ಊದುತ್ತಿದ್ದ. ಬೊಂಬೆಗೆ ಬಳಸುವ ಆಲೆ ಮರ ನಾಲ್ಕು ಉಸಿರಿಗೆ ಕರಕಲಾಯಿತು. ಸೀಬೆ ಬಿರುಕು ಬಿಟ್ಟಿತು. ಬೇವು ತಡೆಯಿತು, ಬಾಯಿಗಿಟ್ಟರೆ ಕಷಾಯ. ಪಕ್ಕದ ಮನೆಯವನು ವಿಷದ ಗಿಡ ಕಣಗಿಲೆಯ ಹೆಸರೆತ್ತಿದ್ದಕ್ಕೆ ಅಪ್ಪ, "ಪೈಪ್ ಸೇದ್ಸಕ್ಕೋ, ತಿಥಿ ಊಟ ಹಾಕ್ಸಕ್ಕೋ, ಏನ್ಲಾ?" ಎಂದು ಬೈದ. ಕೊನೆಗೆ ಕೆಂಗಲ್ ಹತ್ತಿರ ರಸ್ತೆಗಾಗಿ ಉರುಳಿಸಿದ್ದ ಮುದಿ ಹುಣಸೆಯ ಚೇಗು ರಾಮನಗರದ ಸಾಮಿಲ್ಲಿನಲ್ಲಿ ಸಿಕ್ಕಿತು. ಮರದ ನಡುವಿನ ಗಟ್ಟಿ ಭಾಗ, ಕಪ್ಪುಗೆಂಪು ಬಣ್ಣ. ಅಪ್ಪ ಊದಿ ಊದಿ ಕೆಮ್ಮು ಹತ್ತಿಸಿಕೊಂಡ. ಗುಳಿಯ ಒಳಗೆ ತೆಳ್ಳಗೆ ಕಪ್ಪಾದದ್ದು ಬಿಟ್ಟರೆ ಏನೂ ಆಗಲಿಲ್ಲ.

"ಇದು ಬೆಂಕಿಗೆ ಅಂಜಾಕಿಲ್ಲ ಕಣ್ ಮಗ," ಎಂದ. ಎಷ್ಟೋ ತಿಂಗಳ ಮೇಲೆ ಅವನು ನಕ್ಕದ್ದು ನೋಡಿ ನನಗೆ ಅಳು ಬಂತು.

ಹೊರಮೈ ನಾನು ಕಡೆದೆ. ಗುಳಿ, ಹೊಗೆಯ ತೂತು ಎರಡನ್ನೂ ಅಪ್ಪ ಬೆರಳಲ್ಲೇ ಅಳೆದು ಕೊರೆದ. ಒಂದೂ ಓರೆಯಾಗಲಿಲ್ಲ. ಕೊನೆಗೆ ಒಣ ತಾಳೆಗರಿಯಿಂದ ಉಜ್ಜುವುದು ಮಾತ್ರ ಉಳಿಯಿತು. ಅದನ್ನು ಅವನಿಗೆ ಒಪ್ಪಿಸಿ, ಗಂಡನ ಕಡೆಯವರ ಮದುವೆಗೆಂದು ಎರಡು ದಿನ ಕನಕಪುರಕ್ಕೆ ಹೋದೆ. ಹೋಗುವಾಗ ಮೂರು ಸಲ ಹೇಳಿದೆ: ಅರಗು ಮುಟ್ಟಬೇಡ ಕಣಪ್ಪ.

ಬಂದು ನೋಡುತ್ತೇನೆ, ಹಲಗೆ ಮೇಲೆ ಇಪ್ಪತ್ತನಾಲ್ಕೂ ಪೈಪುಗಳು ಕೆಂಪು, ಹಳದಿ, ಹಸಿರು ಮಿಂಚುತ್ತಿವೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಆ ಬಿಸಿಗೇ ಕರಗಿ ಹತ್ತಿಕೊಳ್ಳುತ್ತದೆ. ಅದು ನಮ್ಮ ಊರಿನ ಕಸುಬು, ಅರಗಿಲ್ಲದ ಸಾಮಾನು ನಮ್ಮಲ್ಲಿ ಶೆಡ್ಡಿನ ಹೊಸಿಲು ದಾಟುವುದಿಲ್ಲ. ಅಪ್ಪ ಹೊರಗಷ್ಟೇ ಅಲ್ಲ, ಗುಳಿಯ ಒಳಗೂ ಹಚ್ಚಿದ್ದ.

"ಒಸಿ ಮುಟ್ ನೋಡು ಮಗ, ಗಾಜು ಆಗೈತೆ," ಎಂದ ಹೆಮ್ಮೆಯಿಂದ.

ನಾನು ಒಂದಕ್ಕೆ ಕೆಂಡ ಹಾಕಿದೆ. ಅರಗು ನೊರೆ ಬಂದು, ಕೆಂಪಗೆ ಇಳಿದು, ನನ್ನ ಬೆರಳಿಗೆ ಅಂಟಿ ಸುಟ್ಟಿತು. ಆ ವಾಸನೆ ಅಪ್ಪನ ಮೂಗಿಗೂ ಹೋಯಿತು. ಅವನ ಮುಖ ಬಿದ್ದುಹೋಯಿತು. ಅಲ್ಲಿಗಾದರೂ ನಾನು ಬಾಯಿ ಮುಚ್ಚಬೇಕಿತ್ತು.

"ಕಣ್ಣೂ ಹೋಯ್ತು, ಬುದ್ಧೀನೂ ಹೋಯ್ತಾ ನಿಂಗೆ? ಬಡ್ಕಂಡಿದ್ನಲ್ಲಪ್ಪ!" ಎಂದು ಬೀದಿಗೆ ಕೇಳುವ ಹಾಗೆ ಕೂಗಿದೆ. ಹೆತ್ತ ಅಪ್ಪನಿಗೆ. ಅವನು ಎದ್ದು ಗೋಡೆ ತಡವಿಕೊಂಡು ಹೋದ. ನನ್ನ ನಾಲಿಗೆಗೆ ಬೆಂಕಿ ಬೀಳಲಿ ಎಂದು ಇವತ್ತಿಗೂ ಶಪಿಸಿಕೊಳ್ಳುತ್ತೇನೆ.

ಗಿರಾಕಿ ಬರುವುದಕ್ಕೆ ಒಂದೇ ದಿನ ಇತ್ತು. ಒಂದೊಂದನ್ನೇ ಹಿಡಿದು ಒಳಗೂ ಹೊರಗೂ ಹೆರೆದೆ. ಹೆಚ್ಚು ಹೆರೆದರೆ ಗೋಡೆ ತೆಳುವಾಗಿ ಉರಿದುಹೋಗುತ್ತದೆ, ಕಡಿಮೆಯಾದರೆ ಅರಗು ಉಳಿದು ಸೇದುವವನ ಎದೆಗೆ ಇಳಿಯುತ್ತದೆ. ಕಪ್ಪು ಮರದ ರಂಧ್ರದಲ್ಲಿ ಉಳಿದದ್ದು ಕಣ್ಣಿಗೆ ಕಾಣುತ್ತಿರಲಿಲ್ಲ. ಉಳಿ ಹಿಡಿದೇ ಅತ್ತೆ. ದೇವರೇ, ಹತ್ತಾದರೂ ಉಳಿಸು ಎಂದು ಬೇಡಿಕೊಂಡೆ.

ಸಂಜೆಗೆ ಕರೆಯದೆಯೇ ಅಪ್ಪ ಬಂದು ಪಕ್ಕದಲ್ಲಿ ಕೂತ. ಒಂದೊಂದನ್ನೇ ಅಂಗೈಯಲ್ಲಿ ಉಜ್ಜಿ ಬಿಸಿ ಮಾಡಿ, ಮೂಗಿಗೆ ಹಿಡಿದು, ಗುಳಿಯೊಳಗೆ ಬೆರಳಿಟ್ಟು ನಾಲಿಗೆಗೆ ಹಚ್ಚಿ ನೋಡಿದ. "ಇದ್ರಲ್ಲಿ ಐತೆ. ಇದ್ರಲ್ಲೂ ಐತೆ. ಇದು ಸರಿಯಾಗೈತೆ." ನನ್ನೆರಡು ಕಣ್ಣಿಗೂ ಕಾಣದ್ದು ಅವನಿಗೆ ತಿಳಿಯುತ್ತಿತ್ತು. ಒಂಬತ್ತು ಉಳಿದವು.

ಗಿರಾಕಿ ಒಂಬತ್ತನ್ನೂ ತಿರುಗಿಸಿ ನೋಡಿ ಮೆಚ್ಚಿಕೊಂಡೇ ತೆಗೆದುಕೊಂಡರು. ಮಿಕ್ಕವು ಎಲ್ಲಿ ಎಂದು ಅಣ್ಣ ಅವರೆದುರೇ ಕೇಳಿದ. ಅಪ್ಪ ಬಾಗಿಲಲ್ಲೇ ನಿಂತಿದ್ದ.

"ನಾನೇ ಅಭ್ಯಾಸಬಲದಲ್ಲಿ ಅರಗು ಹಾಕ್ಬುಟ್ಟೆ ಕಣಣ್ಣ. ಅಪ್ಪ ಹೇಳ್ತಾನೇ ಇತ್ತು, ನಾನ್ ಕೇಳ್ನಿಲ್ಲ," ಎಂದೆ.

ಅಣ್ಣ ನನಗೆ ನಾಲ್ಕು ಮಾತು ಬೈದು ಅಂಗಡಿಗೆ ಹೋದ. ನನಗೆ ಹೋದ ಜೀವ ಬಂದಂತಾಯಿತು. ಅಪ್ಪನ ಜಾಗ ಉಳಿಯಿತು, ಇನ್ನು ಯಾರೂ ಅವನನ್ನು ಎಬ್ಬಿಸುವುದಿಲ್ಲ ಅಂದುಕೊಂಡೆ. ಕಾಫಿ ತಂದು ಕೊಟ್ಟು, ನಾಳೆ ಬುಗುರಿ ಕಡೆಯೋಣ ಎಂದೆ.

ಅವನು ಕಾಫಿ ಪೂರ್ತಿ ಕುಡಿದ. ಆಮೇಲೆ ಹೇಳಿದ:

"ನೀನ್ ಹೇಳಿದ್ದು ಮರ್ತಿರ್ನಿಲ್ಲ ಮಗ. ಅರಗು ಹಚ್ಚೋವಾಗ್ಲೂ ಗ್ಯಾಪ್ನ ಇತ್ತು. ಬ್ಯಾಡ ಬ್ಯಾಡ ಅಂತ ಬಾಯಲ್ಲಿ ಅಂತಾನೇ ಇದ್ದೆ. ಕೈ ಕೇಳ್ನಿಲ್ಲ."

ನಾನು ಏನೇನೋ ಹೇಳಿದೆ. ಒಂದು ಸಲ ಆಗಿದ್ದು, ಅಣ್ಣನಿಗೆ ಗೊತ್ತಿಲ್ಲ, ನಾನು ಪಕ್ಕದಲ್ಲೇ ಇರ್ತೀನಿ, ನೀನು ಬರದಿದ್ದರೆ ನಾನು ಹೇಗೆ ಕೂರಲಿ ಎಂದು ಗೋಗರೆದೆ. ಅವನು ನನ್ನ ಸುಟ್ಟ ಬೆರಳನ್ನು ಹುಡುಕಿ ಹಿಡಿದುಕೊಂಡ.

"ನನ್ ಲೇತಿನ ಬೆಲ್ಟು ಬಿಚ್ಚಾಕವ್ವ. ಅದಿದ್ರೆ ನಾನು ನಾಳೆನೂ ಬತ್ತೀನಿ."

ಹಿಡಿದ ಬೆರಳು ಬಿಡಲಿಲ್ಲ ಅವನು. ಇನ್ನೊಂದು ಕೈಯಲ್ಲಿ ನಾನೇ ಬೆಲ್ಟು ಬಿಚ್ಚಿದೆ.