ಕ್ವಾರ್ಟ್ಜ್ ಕೊಳವೆಗೆ ವಿಭೂತಿ

ಹೋದ ವಾರ ಕಡೂರಿನ ಆಸ್ಪತ್ರೆಯಲ್ಲಿ ನರ್ಸ್ ನನ್ನ ತೋಳಿಗೆ ಸ್ಪಿರಿಟ್ ಹತ್ತಿ ಒತ್ತಿದಾಗ ಬಂದ ವಾಸನೆ ನನ್ನನ್ನು ತರೀಕೆರೆಯ ಕಾಲೇಜೊಂದರ ಹಿಂಬದಿಯ ಕೋಣೆಗೆ ಎಳೆದೊಯ್ದಿತು. ಸೂಜಿ ಚುಚ್ಚಿದ್ದೇ ಗೊತ್ತಾಗಲಿಲ್ಲ. ಆ ಕೋಣೆ ನಮ್ಮ ಫಿಸಿಕ್ಸ್ ಮೇಡಂ ಅವರದು. ಎಂ.ಎಸ್ಸಿ. ಮುಗಿಸಿ ಸಿಂಗಟಗೆರೆಯ ಮನೆಯಲ್ಲಿ ಸುಮ್ಮನೆ ಕೂತಿದ್ದ ನನ್ನನ್ನು ಅವರು ಸಹಾಯಕ್ಕೆಂದು ಕರೆಸಿಕೊಂಡಿದ್ದರು.

ಅಲ್ಲೊಂದು ಉದ್ದನೆಯ ವಿದ್ಯುತ್ ಕುಲುಮೆ, ಅದರೊಳಗೆ ತೂರಿಸಿದ ಕ್ವಾರ್ಟ್ಜ್ ಗಾಜಿನ ಕೊಳವೆ. ಸತುವಿನ ಪುಡಿಯನ್ನು ಪುಟ್ಟ ಪಿಂಗಾಣಿ ದೋಣಿಯಲ್ಲಿಟ್ಟು ಕೊಳವೆಯ ನಡುವಿಗೆ ತಳ್ಳುತ್ತಿದ್ದೆವು. ಕಾದ ಸತು ಆವಿಯಾಗುತ್ತದೆ. ಆರ್ಗಾನ್ ಅನಿಲ ಆ ಆವಿಯನ್ನು ಮುಂದಕ್ಕೆ ಒಯ್ಯುತ್ತದೆ. ಅಳತೆ ನೋಡಿ ಬಿಟ್ಟ ಆಮ್ಲಜನಕದೊಡನೆ ಕೂಡಿ, ತುದಿಯಲ್ಲಿಟ್ಟ ಸಿಲಿಕಾನ್ ಬಿಲ್ಲೆಯ ಮೇಲೆ ಅದು ಬಿಳಿಯ ಬೂಷ್ಟಿನಂತೆ ಕೂರುತ್ತದೆ. ದೊಡ್ಡ ಸೂಕ್ಷ್ಮದರ್ಶಕದಲ್ಲಿ ತೆಗೆದ ಚಿತ್ರ ಬಂದಾಗ ನೋಡಬೇಕು, ಅದೆಲ್ಲ ಸಾಲು ಸಾಲು ಸೂಜಿ, ಒಂದೊಂದೂ ತಲೆಗೂದಲಿಗಿಂತ ಎಷ್ಟೋ ಪಾಲು ಸಪೂರ! ಆ ಸೂಜಿಗಳು ಎಷ್ಟು ಬಿಸಿಗೆ ಹೇಗೆ ಬೆಳೆಯುತ್ತವೆ ಎಂಬುದೇ ಮೇಡಂ ಅವರ ಪಿಎಚ್.ಡಿ. ಪಾಠ, ಮನೆ, ಮದುವೆ ಮುಂಜಿಗಳ ನಡುವೆ ಅದನ್ನು ವರ್ಷಗಟ್ಟಲೆ ಎಳೆದುಕೊಂಡು ಬಂದಿದ್ದರು. ವಿಶ್ವವಿದ್ಯಾಲಯ ಕೊಟ್ಟಿದ್ದ ಕೊನೆಯ ಗಡುವು ಹತ್ತಿರ ಬಂದಿತ್ತು. ಇನ್ನು ನಾಲ್ಕಾರು ಸಲ ಸೂಜಿ ಬೆಳೆಸಿದರೆ ಕೆಲಸ ಮುಗಿದಂತೆ.

ಕೊಳವೆಯ ವಿಷಯದಲ್ಲಿ ಮೇಡಂ ಮಹಾ ಮಡಿ. "ಬರಿಗೈಲಿ ಮುಟ್ಬೇಡ ಕಣೇ, ಬೆವರಲ್ಲಿ ಉಪ್ಪಿರುತ್ತೆ. ಉಪ್ಪು ಸೋಕಿದ ಕ್ವಾರ್ಟ್ಜ್ ಕಾದ್ರೆ ಬೆಳ್ಳಗಾಗಿ ಬಿರಿಯುತ್ತೆ," ಎಂದು ದಿನಾ ಒಂದೇ ರಾಗ. ಕೈಗವಸು ಹಾಕಿ, ಸ್ಪಿರಿಟ್‌ನಲ್ಲಿ ಒರೆಸಿ, ಮತ್ತೆ ಒರೆಸಿ... ನಮ್ಮೂರ ಪೂಜಾರಿಯೂ ಅಷ್ಟು ಮಡಿ ಮಾಡುತ್ತಿರಲಿಲ್ಲ.

ಆಯುಧಪೂಜೆಯ ದಿನ ಅಟೆಂಡರ್ ಚೆಂಡುಹೂವು ತಂದ. ಕುಲುಮೆಗೆ ಹಾರ, ಸಿಲಿಂಡರಿಗೆ ಕುಂಕುಮ. ತೊಳೆದ ಕೊಳವೆಯನ್ನು ಮೇಜಿನ ಮೇಲೆ ಬಟ್ಟೆ ಹಾಸಿ ಮಲಗಿಸಿದ್ದೆವು. ಮೇಡಂ ಅಜ್ಜಂಪುರದ ಕಡೆಯವರು, ಮಠಕ್ಕೆ ನಡೆದುಕೊಳ್ಳುವ ಮನೆತನ. ವಿಭೂತಿಯನ್ನು ನೀರಲ್ಲಿ ನೆನೆಸಿಕೊಂಡು ಸ್ಕೂಟರಿಗೆ, ಕುಲುಮೆಗೆ ಮೂರು ಬೆರಳಲ್ಲಿ ಪಟ್ಟೆ ಎಳೆಯುತ್ತ ಬಂದವರು ಕೊಳವೆಗೂ ಎಳೆದೇಬಿಟ್ಟರು. ನಾವೆಲ್ಲ ಕೈಮುಗಿದೆವು. ಹಬ್ಬ ಕಳೆದು ಕೊಳವೆ ಒರೆಸುವಾಗ, ಪೂಜೆಗೆ ಹಚ್ಚಿದ್ದನ್ನು ಉಜ್ಜಿ ತೆಗೆಯಲು ಅವರಿಗೆ ಮನಸ್ಸು ಬರಲಿಲ್ಲ. "ಹೊರಗಡೆ ತಾನೇ ಇರೋದು. ಸುಟ್ಟಿರೋ ಬೂದಿ ಇನ್ನೇನು ಸುಡುತ್ತೆ, ಇರ್ಲಿ ಬಿಡು," ಎಂದರು. ನನಗೂ ಸರಿಯೆನಿಸಿತು.

ಪಟ್ಟೆಯಿದ್ದ ಹಾಗೇ ಕೊಳವೆ ತೂರಿಸಿ ಕಾಯಿಸಿದೆವು. ಕುಲುಮೆ ಆರುವಾಗ ಒಳಗೆ ಟಣ್ ಎಂದಿತು. ತೆರೆದರೆ ಮೂರು ಪಟ್ಟೆಯೂ ಗಾಜಿನೊಳಕ್ಕೇ ಇಳಿದು ಸುಣ್ಣದಂತೆ ಬೆಳ್ಳಗಾಗಿದ್ದವು. ನಡುವಿನ ಪಟ್ಟೆಗುಂಟ ಕೊಳವೆ ಸೀಳಿತ್ತು. ಸಗಣಿ ಸುಟ್ಟ ಬೂದಿಯಲ್ಲಿ ಉಪ್ಪಿನಂತೆಯೇ ಗಾಜು ಕೆಡಿಸುವ ಕ್ಷಾರ ಇಲ್ಲದೆ ಇರುತ್ತದೆಯೇ? ಮೇಡಂ ಸ್ಟೂಲಿನ ಮೇಲೆ ಕೂತು, "ಉಪ್ಪು ಉಪ್ಪು ಅಂತ ನಿನ್ನ ಪ್ರಾಣ ತಿಂತಿದ್ದೆ," ಎಂದು ಸಣ್ಣಗೆ ನಕ್ಕರು. ನನಗೆ ಅಳು ಬಂತು. ಹೊಸ ಕೊಳವೆ ಬರುವಷ್ಟರಲ್ಲಿ ಗಡುವು ಮುಗಿದುಹೋಗುತ್ತಿತ್ತು.

ಅವರ ಪಿಎಚ್.ಡಿ. ಗೈಡ್ ಫೋನಿನಲ್ಲಿ ದಾರಿ ಹೇಳಿಕೊಟ್ಟರು. ಅಟೆಂಡರ್ ಕೈಜಾರಿಸಿ ಒಡೆದ ಎಂದು ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟರೆ ಇನ್ನಷ್ಟು ಕಾಲಾವಕಾಶ ಸಿಗುತ್ತದಂತೆ.

"ಅವ್ನು ಹೂ ತಂದಿದ್ದು ಬಿಟ್ರೆ ಏನೂ ಮಾಡಿಲ್ಲ ಸಾರ್. ವಿಭೂತಿ ಹಚ್ಚಿದ್ದು ನಾನು," ಎಂದರು ಮೇಡಂ.

ಫೋನ್ ಇಟ್ಟ ಮೇಲೆ, ಗೈಡ್ ಹೇಳಿದ ಹಾಗೇ ಬರೆದುಕೊಡಿ ಎಂದು ನಾನು ಗೋಗರೆದೆ. "ಅವ್ನ ಕೆಲ್ಸ ಇನ್ನೂ ಖಾಯಂ ಆಗಿಲ್ಲ ಕಣೇ," ಎಂದಷ್ಟೇ ಹೇಳಿ ಎದ್ದರು. ನಡೆದದ್ದನ್ನು ನಡೆದ ಹಾಗೇ ಬರೆದು ಕಳಿಸಿದರು. ಪಿಎಚ್.ಡಿ. ನೋಂದಣಿ ರದ್ದಾಯಿತು. ಮೇಡಂ ಎಂದಿನಂತೆ ಪಾಠಕ್ಕೆ ಹೋದರು. ನನಗೆ ಮಾತ್ರ ಅವರ ಮೇಲೆ ಬಹಳ ದಿನ ಸಿಟ್ಟಿತ್ತು...

ಹೋದ ವರ್ಷ ಮೇಡಂ ತೀರಿಕೊಂಡರು. ಅಜ್ಜಂಪುರದ ಬಸ್ ಸ್ಟ್ಯಾಂಡಿನಲ್ಲಿ ಹಳೆಯ ವಿದ್ಯಾರ್ಥಿಗಳು ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟುತ್ತಿದ್ದರು. ಹೆಸರಿಗೆ ಮೊದಲು ದಪ್ಪಕ್ಷರದಲ್ಲಿ 'ಡಾ.' ಎಂದಿತ್ತು.

"ಅವ್ರು ಡಾಕ್ಟರೇಟ್ ಮುಗಿಸಿರ್ಲಿಲ್ಲ ಕಣ್ರಪ್ಪಾ," ಎಂದೆ.

"ಇರ್ಲಿ ಬಿಡಿ ಅಕ್ಕ, ಈಗ ಯಾರು ಕೇಳ್ತಾರೆ?" ಎಂದ ಏಣಿಯ ಮೇಲಿದ್ದವನು.

ಕೇಳುವವರು ಒಬ್ಬರೇ, ಮೇಡಂ. ಬದುಕಿದ್ದಿದ್ದರೆ ಅಲ್ಲೇ ನಿಂತು ಅದನ್ನು ಕೆಳಗಿಳಿಸದೆ ಬಿಡುತ್ತಿರಲಿಲ್ಲ. ನಾನೋ, ಅದನ್ನು ಕಟ್ಟಲು ಹಗ್ಗದ ಇನ್ನೊಂದು ತುದಿ ಹಿಡಿದುಕೊಂಡೆ.