ಚಿಕ್ಕದನ್ನೇ ಮೊದಲು ಕೇಳುವವರು

ಜೆರಾಕ್ಸ್ ಯಂತ್ರದಿಂದ ಆಗಷ್ಟೇ ಹೊರಬಂದ ಬಿಸಿ ಹಾಳೆಯ ವಾಸನೆ ನಿಮಗೂ ಗೊತ್ತಿರುತ್ತದೆ. ಹೋದ ತಿಂಗಳು, ಶ್ರೀನಿವಾಸಪುರದ ನಮ್ಮ ಪಕ್ಕದ ಮನೆಯ ಟೈಲರ್ ಮಗಳು ತಬಸ್ಸುಮ್ ಅಂಥದೊಂದು ಹಾಳೆ ಹಿಡಿದು ಬಂದಳು. ಸಿಇಟಿ ರ‍್ಯಾಂಕ್ ಬಂದಿತ್ತು. ಬೇಕಾದ ಕಾಲೇಜುಗಳನ್ನು ಪಟ್ಟಿ ಮಾಡಿದ್ದಳು. ಮೊದಲ ಹೆಸರು ಕೋಲಾರದ್ದು, ಬೆಂಗಳೂರಿನದು ಕೊನೆಗೆ. ಹಾಳೆಯನ್ನು ಅವಳ ಕೈಯಿಂದ ತೆಗೆದುಕೊಂಡೆ. ನಾನೂ ಹೀಗೆಯೇ ಬರೆದಿದ್ದೆ.

ನಾನು ಹುಟ್ಟಿ ಬೆಳೆದ ಗೌನಿಪಲ್ಲಿ ಕಡೆ ಒಂದು ಮರ್ಯಾದೆಯಿದೆ. ಯಾರನ್ನಾದರೂ ಏನಾದರೂ ಕೇಳಬೇಕಾದರೆ ಚಿಕ್ಕದನ್ನೇ ಮೊದಲು ಕೇಳಬೇಕು. ಎರಡು ಮಾವಿನ ಸಸಿ ಬೇಕಿದ್ದರೂ ಒಂದು ಸಾಕು ಎನ್ನಬೇಕು. ಇನ್ನೊಂದನ್ನು ಕೊಡುವವರೇ ಕೈಗೆ ತುರುಕುತ್ತಾರೆ. ಶಾಲೆಯ ಮುಖ ಕಾಣದ ನಮ್ಮಪ್ಪ ನನ್ನ ಪಟ್ಟಿಗೂ ಅದನ್ನೇ ಹೇಳಿದರು.

"ಸಿಗೋದನ್ನ ಮೊದ್ಲು ಬರಿಯಮ್ಮ. ದೊಡ್ಡದ್ರ ಮೇಲೆ ಮೊದ್ಲೇ ಕೈಯಿಟ್ರೆ ಆಸೆಬುರುಕಿ ಅಂತಾರೆ."

ಮನೆತನಕ್ಕೇ ಮೊದಲು ಪಿಯುಸಿ ಪಾಸಾದ ಜಾಣೆ ನಾನು, ತಲೆಯಾಡಿಸಿ ಬರೆದೆ.

ಕಂಪ್ಯೂಟರಿಗೆ ಮರ್ಯಾದೆ ತಿಳಿಯದು. ಅದು ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬಂದು, ರ‍್ಯಾಂಕಿಗೆ ದಕ್ಕುವ ಮೊದಲ ಹೆಸರಿನಲ್ಲೇ ನಿಂತುಬಿಡುತ್ತದೆ. ಕೆಳಗಿನದನ್ನು ನೋಡುವುದೇ ಇಲ್ಲ. ಮೊದಲ ಸುತ್ತಿನಲ್ಲೇ ಕೋಲಾರ ಸಿಕ್ಕಿತು. ಅಪ್ಪ ಬೀದಿಗೆಲ್ಲ ಬೆಲ್ಲ ಹಂಚಿದರು. ಆಮೇಲೆ ಕಟ್‌ಆಫ್ ಬಂತು: ನಾನು ಕೊನೆಗೆ ಬರೆದಿದ್ದ ಬೆಂಗಳೂರಿನ ಕಾಲೇಜಿನಲ್ಲಿ ನನಗಿಂತ ಹಿಂದಿನ ರ‍್ಯಾಂಕಿನವರಿಗೂ ಸೀಟು ಸಿಕ್ಕಿತ್ತು. ಅಪ್ಪ, "ಆ ಕಾಲೇಜ್ನೋರಾದ್ರೂ ನಮ್ಮನ್ನ ಒಂದು ಮಾತು ಕೇಳ್ಬೋದಿತ್ತಲ್ಲಮ್ಮ" ಎಂದರು.

ಕೋಲಾರದಲ್ಲೇ ಓದಿ ಇಂಜಿನಿಯರಾದೆ. ಇಂಗ್ಲಿಷ್ ಪಾಠಗಳನ್ನು ಅರ್ಥವಾಗದೆಯೂ ಬಾಯಿಪಾಠ ಮಾಡಿ ಗಳಿಸಿದ ಡಿಗ್ರಿ, ಹೆಮ್ಮೆಯಿದೆ. ಆದರೂ ಕೇಳಿದ್ದರೆ ಸಿಗುತ್ತಿತ್ತು ಎನ್ನುವುದು ಮುರಿದ ಜಾಲಿಮುಳ್ಳಿನ ಹಾಗೆ ಒಳಗೇ ಉಳಿಯಿತು.

"ಬೆಂಗಳೂರಿಂದು ಮೇಲೆ ಹಾಕೇ" ಎಂದೆ ತಬಸ್ಸುಮ್‌ಗೆ.

"ಹೋದ ವರ್ಷದ ಕಟ್‌ಆಫ್ ನೋಡಿ ಅಕ್ಕಾ, ನನ್ ರ‍್ಯಾಂಕ್ ಬರೋಷ್ಟ್ರಲ್ಲಿ ಮುಗಿದೋಗಿದೆ. ಕೋಲಾರನೂ ಕೈತಪ್ಪಿದ್ರೆ ಅಬ್ಬಾಗೆ ಏನ್ ಹೇಳ್ಲಿ?"

"ಕೈತಪ್ಪೋದಿಲ್ಲ ಕಣೇ. ಮೇಲಿಂದು ಸಿಗ್ದಿದ್ರೆ ತಾನಾಗೇ ಕೆಳಗಿಂದಕ್ಕೆ ಬರುತ್ತೆ."

ಅವಳು ಬೆಂಗಳೂರನ್ನು ಮೇಲೆ ಹಾಕಿದಳು. ಆದರೂ ಮೊದಲ ಸುತ್ತಿನಲ್ಲಿ ಕೋಲಾರವೇ ಬಂತು. ಆ ಸೀಟನ್ನು ಇಟ್ಟುಕೊಂಡೇ, ಎರಡನೆಯ ಸುತ್ತಿನಲ್ಲಿ ಬೆಂಗಳೂರಿಗಾಗಿ ಕಾದಳು. ಇವತ್ತು ಅದರ ಫಲಿತಾಂಶ. ಮತ್ತೆ ಕೋಲಾರ, ನಾನು ಓದಿದ ಕಾಲೇಜೇ. ಸಮಾಧಾನ ಹೇಳೋಣವೆಂದು ಅವರ ಮನೆಗೆ ಹೋದೆ.

"ಬಿಡಿ ಅಕ್ಕಾ. ಕೇಳಿದ್ವಿ, ಇಲ್ಲ ಅಂದ್ರು. ಬೆಳಗ್ಗೆ ಎಷ್ಟೊತ್ತಿಗೆ ಬಸ್ಸು?"

ಆ ಕಾಲೇಜಿಗೆ ಹೊರಟ ದಿನ ನಾನು ಇಷ್ಟು ಹಗುರವಾಗಿರಲಿಲ್ಲ. ಬಸ್ಸಿನ ಸಮಯ ಹೇಳಿದೆ. ಎಡಗಡೆ ಕೂತರೆ ಕೋಲಾರ ಮುಟ್ಟುವ ತನಕ ಬಿಸಿಲು ಎಂದೂ ಹೇಳಿದೆ.